ಮ್ಯಾಟು ಮತ್ತು ಹಪ್ಪಳ

"ರೀ, ಒಂದನೇ ತಾರೀಕು ತಂದ ಮ್ಯಾಟು. ಸಂಕ್ರಾಂತಿ ಬಂದ್ರೂ ಪ್ಲಾಸ್ಟಿಕ್ ಬಿಚ್ಚಿಲ್ಲ. ಹಪ್ಪಳ ಒಣಗಿಸ್ಲಾ?"

"ಮುಟ್ಬೇಡ ಕಣೇ! ಅದು ಪಿಲಾಟೀಸ್ ಮ್ಯಾಟು. ಆ ವ್ಯಾಯಾಮ ಶುರು ಮಾಡಿದವನು ಜೋಸೆಫ್ ಪಿಲಾಟೀಸ್ ಅಂತ, 1883ರಲ್ಲಿ ಜರ್ಮನಿಲಿ ಹುಟ್ಟಿದವನು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಸೆರೆಲಿಟ್ಟಾಗ್ಲೂ ವ್ಯಾಯಾಮ ಬಿಡಲಿಲ್ಲ."

"ಅವನಿಗೆ ಸೆರೆಯಿಂದ ಬಿಡುಗಡೆ ಆಯ್ತು. ನಿಮಗೆ ಸೋಫಾದಿಂದ ಯಾವಾಗ?"

"ಯುಗಾದಿಗೆ ಶುರು ಮಾಡ್ತೀನಿ. ನಮ್ಮ ಹೊಸ ವರ್ಷ ಅದೇ ತಾನೆ?"

"ಈಗ್ಲೇ ಮಲಗಿ."

ಮಲಗಿದರು. 'ಹಂಡ್ರೆಡ್' ಅನ್ನೋ ವ್ಯಾಯಾಮ: ತಲೆ, ಕಾಲು ಎತ್ತಿ, ಕೈ ಮೇಲೆ ಕೆಳಗೆ ಆಡಿಸುತ್ತಾ ಐದೆಣಿಕೆಗೆ ಉಸಿರು ಒಳಗೆ, ಐದೆಣಿಕೆಗೆ ಹೊರಗೆ. ಹೀಗೆ ಹತ್ತು ಸಲ. ತಲೆ ಎದ್ದಾಗ ಕಾಲು ಬಿತ್ತು. ಕಾಲೆದ್ದಾಗ ತಲೆ ಬಿತ್ತು. ನಡುವೆ ಹೊಟ್ಟೆ ಮಾತ್ರ ಚಾಮುಂಡಿ ಬೆಟ್ಟದ ಹಾಗೆ ಅಲುಗಲಿಲ್ಲ.

"ತಲೆ ಕೆಳಗಿಡಿ, ಮಂಡಿ ಮಡಚಿ. ದಿನಾ ಹತ್ತೇ ನಿಮಿಷ ಸಾಕು, ಬಿಡದೆ ಮಾಡಬೇಕು ಅಷ್ಟೆ."

"ಹ್ಞೂಂ..."

"ಎಷ್ಟಾಯ್ತು?"

ಉತ್ತರವಿಲ್ಲ. ಐದಕ್ಕೆ ಒಳಗೆ, ಐದಕ್ಕೆ ಹೊರಗೆ, ಗೊರಕೆ ಮಾತ್ರ ಲೆಕ್ಕ ತಪ್ಪಲಿಲ್ಲ.

ಹಪ್ಪಳ ತಾರಸಿ ಮೇಲೆ, ಅವರ ಹಳೇ ಪಂಚೆಯಲ್ಲೇ ಒಣಗಿತು.