ಖರ್ಜದ ಖರ್ಚು

ನಮ್ಮ ಅಕ್ಕನ ಮಗ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬರುವಾಗ ಡಿಗ್ರಿಯ ಜೊತೆಗೆ ಒಂದು ಬೇಸ್ ಗಿಟಾರನ್ನೂ ತಂದ. ಡಿಗ್ರಿ ಪ್ಲಾಸ್ಟಿಕ್ ಕವರಿನಲ್ಲಿ ಮುದುಡಿಕೊಂಡಿತ್ತು; ಗಿಟಾರಿಗೆ ಮಾತ್ರ ಹೆಗಲಿಗೇರುವ ಮೆತ್ತನೆಯ ಚೀಲ. ಯಾರೋ ಹಿರಿಯ ವಿದ್ಯಾರ್ಥಿಯಿಂದ ಸೆಕೆಂಡ್‌ಹ್ಯಾಂಡ್ ಕೊಂಡದ್ದಂತೆ. ಸೋಲಾಪುರದ ಕಡೆಯ ನಮ್ಮೂರು ಹನ್ನೂರಿನಲ್ಲಿ ಎಸ್‌ಟಿ ಬಸ್ಸು ಇಳಿದಾಗ ಕಟ್ಟೆಯ ಮೇಲೆ ಕೂತವರು ಅದನ್ನು ಔಷಧ ಹೊಡೆಯುವ ಪಂಪು ಎಂದುಕೊಂಡರು. “ನಮ್ಮ ತೊಗರಿಗಿ ಹುಳ ಬಿದ್ದಿದ್ದು ಪುಣ್ಯಾದಾಗ ಹ್ಯಾಂಗ ಗೊತ್ತಾತೋ ತಮ್ಮಾ?” ಎಂದು ಒಬ್ಬರು ಕೇಳಿಯೇ ಬಿಟ್ಟರು.

ಮೂರು ದಿನ ಸುಮ್ಮನಿದ್ದ. ನಾಲ್ಕನೆಯ ದಿನ ನನ್ನ ಮುಂದೆ ಬಂದು ನಿಂತ. “ಮಾಮಾ, ತಂತಿ ಬದಲಿ ಮಾಡಬೇಕು. ನನಗ ಜಾಝ್ ಟೋನ್ ಬೇಕು. ಡೀಪ್ ಇರಬೇಕು, ವಾರ್ಮ್ ಇರಬೇಕು.”

ನಾನು ಮಹಾರಾಷ್ಟ್ರದ ಪಗಾರ ತಿಂದು ಮೂವತ್ತು ವರ್ಷ ಕನ್ನಡ ಕಲಿಸಿದ ಸಾಲಿ ಮಾಸ್ತರ. ಪರಭಾಷೆಯ ಶಬ್ದ ಕಿವಿಗೆ ಬಿದ್ದರೆ ತರ್ಜುಮೆ ಮಾಡದೆ ಬಿಟ್ಟವನಲ್ಲ. “ಇವನಿಗೆ ಬೆಚ್ಚನ ದನಿ ಬೇಕಂತ” ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಅಡುಗೆಮನೆಯಿಂದ ಬಂದು ಮಗನ ಹಣೆ ಮುಟ್ಟಿ ನೋಡಿದಳು.

ತಪ್ಪು ನನ್ನದೇ. ಬೆಚ್ಚಗೆ ಎಂದರೆ ನಮ್ಮಲ್ಲಿ ಕೌದಿ, ಇಲ್ಲವೇ ಜ್ವರ. ದನಿಗೆ ನಮ್ಮ ಭಜನಿ ಮಂದಿ ಇಟ್ಟಿರುವ ಶಬ್ದ ಬೇರೆ: ಖರ್ಜ. ತಂಬೂರಿಯ ನಾಲ್ಕನೆಯ ತಂತಿ, ಹಿತ್ತಾಳೆಯದು, ಮೀಟಿದರೆ ಎದೆಯೊಳಗೆ ಗುಂಯ್ ಎನ್ನುವುದು. ಗಂಗೂಬಾಯಿ ಹಾನಗಲ್ಲರ ಕೊರಳಲ್ಲಿ ಇದ್ದದ್ದೂ ಅದೇ. ಅವರ 1930ರ ದಶಕದ ಧ್ವನಿಮುದ್ರಿಕೆ ಕೇಳಿ, ದಾರದಂಥ ಸಣ್ಣ ದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಖರ್ಜ ಬಂತು. ಅವರಿಗೆ ಡಾಕ್ಟರರು ಮಾಡಿಕೊಟ್ಟದ್ದನ್ನು ನನ್ನ ಅಳಿಯ ಅಂಗಡಿಯಲ್ಲಿ ಕೊಳ್ಳಲು ಹೊರಟಿದ್ದ.

ಇವನ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ನಡುಗುತ್ತದಂತೆ. ನಮ್ಮ ಓಣಿಯ ಡೀಪಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಗುನುಗುವುದು 100 ಸಲ. ಅಂದರೆ ಡೀಪಿಗಿಂತ ಒಂದು ಸಪ್ತಕಕ್ಕೂ ಕೆಳಗೆ. ಅಷ್ಟು ಕೆಳಗಿಳಿಯಬೇಕಾದರೆ ತಂತಿಗೆ ತೂಕ ಬೇಕು. ಒಂದೇ ದಪ್ಪ ಸರಳು ಹಾಕಿದರೆ ತೂಕವೇನೋ ಬಂದೀತು, ಆದರೆ ಅದು ಬಾಗದೆ ಹಾರೆಗೆ ಬಡಿದ ಹಾಗೆ ಟಣ್ ಎಂದೀತು. ಅದಕ್ಕೇ ಒಳಗೊಂದು ಸಣ್ಣ ಉಕ್ಕಿನ ಎಳೆ, ಅದರ ಮೈಗೆ ಪಟಗಾ ಸುತ್ತಿದ ಹಾಗೆ ಇನ್ನೊಂದು ತಂತಿ. ತಕರಾರು ಇರುವುದು ಈ ಪಟಗಾದ್ದು. ಗುಂಡನೆಯ ತಂತಿ ಸುತ್ತಿದರೆ ರೌಂಡ್‌ವೌಂಡ್. ಅದು ಸೋಲಾಪುರಿ ಚಾದರದ ಜಾತಿ: ಬೆರಳಿಗೆ ಒರಟು, ಸರಿಸಿದರೆ ಕಿರ್ ಎನ್ನುತ್ತದೆ, ದನಿ ಚುರುಕು. ಚಪ್ಪಟೆ ಪಟ್ಟಿ ಸುತ್ತಿದರೆ ಫ್ಲಾಟ್‌ವೌಂಡ್. ಅದು ರೇಷ್ಮೆ ಪಟಗಾ, ನುಣುಪು. ಮೇಲಿನ ಚಿಲಿಪಿಲಿಯೆಲ್ಲ ಅಡಗಿ ಬುಡದ ದನಿ ಮಾತ್ರ ಉಳಿಯುತ್ತದೆ. 1951ರಲ್ಲಿ ಲಿಯೋ ಫೆಂಡರ್ ಎಂಬಾತ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದ ಮೇಲೆ ಬಹಳ ಕಾಲ ಚಪ್ಪಟೆಯದೇ ನಡೆಯಿತು; 1960ರ ದಶಕದ ನಡುವಿನಲ್ಲಿ ರಾಕ್ ಹುಡುಗರಿಗೆ ಗದ್ದಲ ಬೇಕಾಗಿ ಗುಂಡನೆಯದು ಬಂತು.

“ಅದಕ್ಕೂ ಮೊದಲು?” ಎಂದೆ. ಮಾಸ್ತರನ ಚಾಳಿ.

“ಅದಕ್ಕೂ ಮೊದಲು ಆಳೆತ್ತರದ ಡಬಲ್ ಬೇಸ್ ಮಾಮಾ. ಖರೇ ಜಾಝ್ ಟೋನ್ ಅಂದ್ರ ಅದರದ್ದು. ಅದಕ್ಕ ಹಾಕ್ತಿದ್ದಿದ್ದು ಕುರಿ ಕರುಳಿನ ತಂತಿ.”

ಈ ಮಾತು ಅಕ್ಕನ ಕಿವಿಗೆ ಬೀಳಬಾರದಿತ್ತು. ಕೊರಳಲ್ಲಿ ಲಿಂಗ, ದಿನಕ್ಕೆರಡು ಹೊತ್ತು ಪೂಜೆ. “ಕರುಳು ಗಿರುಳು ತಂದ್ರ ಹೊಸ್ತಿಲ ದಾಟಬ್ಯಾಡ” ಎಂದಳು. ಎಲ್ಲವ್ವನ ಚೌಡಿಕೆಗೂ ಕರುಳಿನ ತಂತಿಯನ್ನೇ ಕಟ್ಟುತ್ತಾರಲ್ಲ, ಚೌಡಿಕೆಯವರು ಬಾಗಿಲಿಗೆ ಬಂದಾಗ ನೀನೇ ಮೊರದಲ್ಲಿ ಜೋಳ ಹಾಕುತ್ತೀ ಎಂದು ನಾನು ವಾದಿಸಿದೆ. “ಅದು ಅವ್ವನ ಹೆಸರಿಲೆ. ಇವನದು ಯಾರ ಹೆಸರಿಲೆ?” ಎಂದಳು. ಉತ್ತರವಿರಲಿಲ್ಲ. ಕರುಳಿನ ದನಿಯನ್ನೇ ಅನುಕರಿಸುವಂತೆ ಕರಿ ನೈಲಾನ್ ಸುತ್ತಿದ ತಂತಿಯೂ ಸಿಗುತ್ತದೆ, ಅದು ಶುದ್ಧ ಸಸ್ಯಾಹಾರಿ ಎಂದು ಅಳಿಯ ರಾಜಿಗೆ ಬಂದ. ಆದರೆ ಆ ಹೊತ್ತಿಗೆ ಅಕ್ಕನಿಗೆ ತಂತಿ ಎಂಬ ಜಾತಿಯ ಮೇಲೇ ಸಂಶಯ ಹುಟ್ಟಿತ್ತು.

ಸೋಲಾಪುರಕ್ಕೆ ಹೋದೆವು. ನಾನು ಹೇಳುತ್ತಲೇ ಇದ್ದೆ, ಮೊದಲು ಮಿರಜಿಗೆ ಹೋಗೋಣ ಎಂದು. ಹತ್ತೊಂಬತ್ತನೆಯ ಶತಮಾನದಿಂದ ತಂಬೂರಿ, ಸಿತಾರ್ ಮಾಡುತ್ತ ಬಂದ ಊರು. 2024ರಲ್ಲಿ ಅವಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಆ ತಂಬೂರಿಯ ಕುಂಬಳ ಬೆಳೆಯುವುದು ನಮ್ಮದೇ ಜಿಲ್ಲೆಯಲ್ಲಿ, ಪಂಢರಪುರ ಮಂಗಳವೇಢೆಯ ಕಡೆ ಭೀಮೆಯ ದಂಡೆಗೆ. ನಾವು ಕುಂಬಳ ಕೊಡುತ್ತೇವೆ, ಅವರು ನಾದ ಮಾಡುತ್ತಾರೆ. “ಮಿರಜಿನಾಗ ಬೇಸ್ ತಂತಿ ಸಿಗಂಗಿಲ್ಲ ಮಾಮಾ” ಎಂದ. ಸೋಲಾಪುರದಲ್ಲಿ ಸಿಕ್ಕಂತೆ!

ಅಲ್ಲಿಯ ಅಂಗಡಿಕಾರನಿಗೆ ಮರಾಠಿ, ಕನ್ನಡ, ತೆಲುಗು ಮೂರೂ ನೀರು ಕುಡಿದಂತೆ. ಫ್ಲಾಟ್‌ವೌಂಡ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. “ಫ್ಲಾಟ್ ಬೇಕಾದ್ರ ಜುಳೆ ಸೋಲಾಪುರದಾಗ ನೋಡ್ರಿ” ಎಂದ. ತಮಾಷೆಯೋ, ನಿಜವಾಗಿಯೇ ಹೇಳಿದನೋ, ಮುಖದಿಂದ ತಿಳಿಯಲಿಲ್ಲ. ಆಮೇಲೆ ಒಳಗಿನಿಂದ ಆರು ತಂತಿಯ ಸಾದಾ ಗಿಟಾರಿನ ಪಾಕೀಟು ತಂದು, “ಇದರಾಗಿಂದು ದಪ್ಪನ್ನವು ನಾಕು ಹಾಕ್ಕೋರಿ, ಎರಡು ಉಳೀತಾವ” ಎಂದ. ಲೆಕ್ಕ ಸರಿಯಾಗಿತ್ತು. ನಾವು ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹಿಂದಿರುಗಿದೆವು.

ಕೊನೆಗೆ ಅಳಿಯ ಮೊಬೈಲಿನಲ್ಲಿ ತರಿಸಿದ. ನಾಲ್ಕು ತಂತಿಗೆ ಅರ್ಧ ಕ್ವಿಂಟಲ್ ತೊಗರಿಯ ರೊಕ್ಕ. ಅಕ್ಕ ಆ ಪುಟ್ಟ ಪಾಕೀಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಹೊಲದ ಬೇಲಿಗಿ ಮುಳ್ಳುತಂತಿ ಕಿಲೋ ಲೆಕ್ಕದಾಗ ಕೊಡತಾರ” ಎಂದಳು. ಪಾಕೀಟಿನ ಮೇಲೆ 45, 105 ಎಂದು ಅಂಕಿ. ಅದು ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. ರೇಟಾಗಿರಬಾರದಿತ್ತೇ ಎನ್ನಿಸಿತು.

ಇನ್ನು ನನ್ನ ಪಾಪ ಒಪ್ಪಿಕೊಳ್ಳಬೇಕು. ಈ ತಂತಿಯನ್ನು ಬಿರಡೆಗೆ ಸುತ್ತುವಾಗ ತುದಿಯನ್ನು ಮೊದಲು ಬಾಗಿಸಿ ಆಮೇಲೆ ಕತ್ತರಿಸಬೇಕು. ಬಿರಡೆಯಿಂದಾಚೆಗೆ ನಾಲ್ಕು ಬೆರಳು ಹೆಚ್ಚೂ ಬಿಡಬೇಕು. ಇಲ್ಲದಿದ್ದರೆ ಪಟಗಾ ಬಿಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಅಳಿಯ ಆಮೇಲೆ ಹೇಳಿದ. ಅವನು ನೀರು ಕುಡಿಯಲು ಒಳಗೆ ಹೋದಾಗ, ಸಹಾಯವಾಗಲಿ ಎಂದು ಪಕ್ಕಡ ತಗೊಂಡು ಅತಿ ದಪ್ಪದ ತಂತಿಯನ್ನು ಬಿರಡೆಯ ಅಂಚಿಗೇ ಕಟ್ ಎನಿಸಿದೆ. ಎರಡು ಸುತ್ತು ತಿರುವುವುದರೊಳಗೆ ರೇಷ್ಮೆ ಪಟಗಾ ಮದುವೆ ಮುಗಿದ ಮರುದಿನದ ಹಾಗೆ ಬಿಚ್ಚಿ ಜೋತಾಡಿತು. ತೊಗರಿ ಹನ್ನೆರಡೂವರೆ ಕಿಲೋ. ಅಳಿಯ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮೂರು ಹೊಸ ತಂತಿ, ಗಿಟಾರಿನ ಜೊತೆಗೇ ಬಂದಿದ್ದ ಹಳೆಯ ದಪ್ಪ ತಂತಿ ಒಂದು. ಅದೇ ಸಜ್ಜಿನಲ್ಲಿ ಸೋಮವಾರ ಮಠದ ಭಜನೆಗೆ ಹೋದೆವು. ಹೋಗುವ ಮೊದಲು ಅಳಿಯ ಪಾತ್ರೆ ತಿಕ್ಕುವ ಸ್ಪಂಜಿನ ತುಂಡೊಂದನ್ನು ಕುದುರೆಯ ಹತ್ತಿರ ತಂತಿಗಳ ಕೆಳಗೆ ತುರುಕಿದ, ದನಿ ಉದ್ದ ಎಳೆಯಬಾರದೆಂದು. ತಂಬೂರಿಯವರು ಅದೇ ಜಾಗದಲ್ಲಿ ನೂಲಿನೆಳೆ ಸಿಕ್ಕಿಸುವುದು ನಾದ ಅರಳಲಿ ಎಂದು. ಇವನು ಸ್ಪಂಜು ತುರುಕಿದ್ದು ಅರಳದಿರಲಿ ಎಂದು. ಎರಡೂ ಸಂಗೀತವೇ, ಏನು ಮಾಡುವುದು.

ಮಠದಲ್ಲಿ ಏಕತಾರಿಯ ಮುತ್ಯಾ ಒಬ್ಬನಿದ್ದಾನೆ. ನನಗೆ ತಿಳಿದಾಗಿನಿಂದ ಆ ಏಕತಾರಿಗೆ ಅದೇ ತಂತಿ, ಮುತ್ಯಾನದು ಅದೇ ಒಂದು ಬೆರಳು. ಎರಡು ತತ್ವಪದ ಮುಗಿಯುವವರೆಗೆ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಗಿಟಾರಿನ ಮೇಲೆ ಬಗ್ಗಿ, ನಾಲ್ಕೂ ತಂತಿಯನ್ನು ಒಂದೊಂದಾಗಿ ಮೀಟಿದ. ಹಳೆಯದರ ಮೇಲೆ ಬೆರಳಿಟ್ಟು, “ಇದೊಂದು ಹಣ್ಣಾಗ್ಯದ. ಉಳದ ಮೂರೂ ಇನ್ನಾ ಕಾಯಿ” ಎಂದ.

ಅಳಿಯನ ಮುಖ ನೋಡಬೇಕಿತ್ತು. ಮನೆಗೆ ಬರುವ ದಾರಿಯಲ್ಲಿ ಅವನೇ ಬಾಯಿ ಬಿಟ್ಟ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೇಮ್ಸ್ ಜೇಮರ್ಸನ್ ಎಂಬ ದೊಡ್ಡ ಬೇಸ್ ವಾದಕ ಇದ್ದನಂತೆ. ಜಾಝ್ ಕ್ಲಬ್ಬುಗಳಲ್ಲಿ ಡಬಲ್ ಬೇಸ್ ನುಡಿಸಿ, ಆಮೇಲೆ ಮೋಟೌನ್ ಕಂಪನಿಯ ಹಾಡುಗಳಿಗೆಲ್ಲ ಬುಡ ಕಟ್ಟಿದವನು. 1962ರ ಗಿಟಾರು, ಮೈಮೇಲೆ ಚಪ್ಪಟೆ ತಂತಿ. ಹರಿಯುವವರೆಗೆ ಬದಲಿಸುತ್ತಿರಲಿಲ್ಲ. ಮೀಟುತ್ತಿದ್ದುದೂ ತೋರುಬೆರಳೊಂದರಿಂದಲೇ. ಬೆರಳಿನ ಜಿಡ್ಡು, ಬೆವರು, ಕೊಳೆ ಸುತ್ತಿನ ಸಂದಿಯಲ್ಲಿ ಕೂತು ಕೂತು ಮೇಲಿನ ಸದ್ದು ಸಾಯುತ್ತದೆ, ಬುಡದ್ದು ಉಳಿಯುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಹೊಸದು ತರಿಸಿದ್ದು ಯಾಕೆ ಎಂದು ನಾನು ಕೇಳಲಿಲ್ಲ. ಪಕ್ಕಡದ ಮಾತು ಎತ್ತಿಯಾನೆಂಬ ಹೆದರಿಕೆ.

ಈಗ ಅಳಿಯ ಊಟವಾದ ಮೇಲೆ ಕೈ ತೊಳೆಯುವುದಿಲ್ಲ. ಶೇಂಗಾ ಚಟ್ನಿಗೆ ಎಣ್ಣೆ ಕಲಸಿಕೊಂಡು ಎರಡು ರೊಟ್ಟಿ ತಿಂದು, ಹಾಗೇ ಹೋಗಿ ಒಂದು ತಾಸು ರಿಯಾಜ್ ಮಾಡುತ್ತಾನೆ. ಇಂಥ ಬುದ್ಧಿ ಯಾರು ಕಲಿಸಿದರೆಂದು ಅಕ್ಕ ಕೇಳುತ್ತಿದ್ದಾಳೆ. ಡೆಟ್ರಾಯಿಟ್ ಅವಳಿಗೆ ಗೊತ್ತಿಲ್ಲ. ಹೀಗಾಗಿ ನನ್ನ ಕಡೆಗೇ ನೋಡುತ್ತಾಳೆ.