ಹಾಲತ್ತೆ

ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ‘ಸಸ್ತನಿಗಳು ಎಂದರೇನು?’ ಎಂಬ ಪ್ರಶ್ನೆಗೆ ‘ಮರಿಗಳಿಗೆ ಹಾಲೂಡಿಸುವ ಪ್ರಾಣಿಗಳು’ ಎಂದು ಬರೆದ ಮಕ್ಕಳಿಗೆಲ್ಲ ಕಣ್ಣು ಮುಚ್ಚಿಕೊಂಡು ಒಂದು ಅಂಕ ಕೊಟ್ಟಿದ್ದೇನೆ. ಆ ಉತ್ತರ ಪತ್ರಿಕೆಗಳು ಈಗ ಸಿಕ್ಕಿದರೆ ಎಲ್ಲದರಲ್ಲೂ ಅರ್ಧ ಅಂಕ ಕಳೆಯುತ್ತೇನೆ. ಹಾಲೂಡಿಸುತ್ತವಂತೆ! ಬಾವಲಿ ತಲೆಕೆಳಗೆ ನೇತಾಡಿಕೊಂಡೇ ಮರಿಗೆ ಹಾಲು ಕೊಡುತ್ತದೆ. ತಿಮಿಂಗಿಲ ಸಮುದ್ರದ ನೀರಿನೊಳಗೇ ಕೊಡುತ್ತದೆ. ತಿಪಟೂರಿನ ತವರುಮನೆಯಲ್ಲಿ ಬೆನ್ನಿಗೊಂದು, ತೊಡೆಗೊಂದು, ಕಂಕುಳಿಗೊಂದು ದಿಂಬಿಟ್ಟುಕೊಂಡು ಕೂತ ನನಗೆ ಮಾತ್ರ ಐದು ದಿನವಾದರೂ ಆಗಲಿಲ್ಲ.

ಇಂಥ ಹೊತ್ತು ನೋಡಿಕೊಂಡೇ ಹಾಲತ್ತೆ ಬರುವುದು.

ಹಾಲತ್ತೆ ಎಂಬುದು ಒಬ್ಬರ ಹೆಸರಲ್ಲ, ಅದೊಂದು ಹುದ್ದೆ. ಕೆಲವು ಮನೆಗಳಲ್ಲಿ ಅದನ್ನು ದೊಡ್ಡಮ್ಮ ವಹಿಸಿಕೊಂಡಿರುತ್ತಾರೆ, ಕೆಲವು ಕಡೆ ಎದುರು ಮನೆಯ ಅಜ್ಜಿ. ಗುರುತು ಹಿಡಿಯುವುದು ಸುಲಭ. ಬಾಣಂತಿ ನೋಡಲು ಬಂದವರು ಸಾಮಾನ್ಯವಾಗಿ ಮಗುವಿನ ಮುಖ ನೋಡಿ, ಮೂಗು ಯಾರದು, ಬಣ್ಣ ಯಾರದು ಎಂದು ಪಾಲು ಹಂಚುತ್ತಾರೆ. ಹಾಲತ್ತೆಗೆ ಅದು ಬೇಕಿಲ್ಲ. ಕಾಲು ತೊಳೆದು ಒಳಗೆ ಬಂದವರೇ ಬಾಣಂತಿಯ ಎದೆ ನೋಡಿ ಕೇಳುತ್ತಾರೆ: “ಹಾಲು ಸಾಲ್ತಾ ಇದ್ಯಾ?”

ಈ ಪ್ರಶ್ನೆಗೆ ಸರಿಯುತ್ತರವಿಲ್ಲ. ಸಾಲ್ತಾ ಇದೆ ಎಂದರೆ “ಮತ್ಯಾಕೆ ಹಂಗೆ ಅಳುತ್ತೆ?” ಗೊತ್ತಾಗ್ತಾ ಇಲ್ಲ ಎಂದರೆ “ಹೆತ್ತೋಳಿಗೆ ಗೊತ್ತಾಗಲ್ವೇನೇ?” ಮಗು ಅಳದೆ ನಿದ್ದೆ ಮಾಡುತ್ತಿದ್ದರೆ ಬಗ್ಗಿ ನೋಡಿ, “ಪಾಪ, ಹಸಿದೂ ಹಸಿದೂ ಸುಸ್ತಾಗಿ ಮಲಗಿದೆ.”

ನನ್ನ ಪಾಲಿಗೆ ಬಂದ ಹಾಲತ್ತೆ ನಮ್ಮಪ್ಪನ ಅಕ್ಕ. ಹಳ್ಳಿಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು, ಮೂವತ್ತು ವರ್ಷದಿಂದ ಎರಡು ಹೊತ್ತೂ ಡೇರಿಗೆ ಹಾಲು ಹಾಕಿದವರು. ಡೇರಿಯಲ್ಲಿ ಲ್ಯಾಕ್ಟೋಮೀಟರ್ ಅದ್ದಿ ಡಿಗ್ರಿ ನೋಡುತ್ತಾರೆ, ಫ್ಯಾಟು ನೋಡುತ್ತಾರೆ, ಆಮೇಲೆ ಪಾಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಅತ್ತೆಯ ಪ್ರಕಾರ ಲೋಕದಲ್ಲಿ ಅಳತೆಗೆ ಸಿಗದ ಹಾಲೇ ಇಲ್ಲ. ನಾನು ಆಸ್ಪತ್ರೆಯಿಂದ ಬಂದ ಸಂಜೆಯೇ ಬಸ್ಸಿಳಿದರು. ಕೈಚೀಲದಲ್ಲಿ ಬಿಡಿಸಿದ ಬೆಳ್ಳುಳ್ಳಿ, ಒಂದು ಕಟ್ಟು ಸಬ್ಬಸಿಗೆ ಸೊಪ್ಪು, ಮಗುವಿಗೆಂದು ಬೆಳ್ಳಿಯ ಒಳಲೆ, ನನಗೆಂದು ಶತಾವರಿ ಬೇರು. ಆ ಬೇರಿಗೆ ನಮ್ಮ ಕಡೆ ‘ಹಲವು ಮಕ್ಕಳ ತಾಯಿ’ ಎಂಬ ಹೆಸರಿದೆ. ಹೊಟ್ಟೆಯ ಹೊಲಿಗೆ ಇನ್ನೂ ಆರದವಳ ಮುಂದೆ ಅತ್ತೆ ಅದನ್ನು ಹೆಸರು ಹಿಡಿದೇ ಕೊಟ್ಟರು.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ಯಾನು ಹಾಕುವಂತಿಲ್ಲ, ಕಿವಿಗೆ ಹತ್ತಿಯಿಲ್ಲದೆ ಏಳುವಂತಿಲ್ಲ. ಬಾಯಾರಿ ಒಣಗುತ್ತಿದ್ದರೂ ನೀರು ಕೇಳುವಂತಿಲ್ಲ. ಬಾಣಂತಿಗೆ ನೀರು ಕೊಡುವುದು ಕ್ಯಾನಿಗೆ ನೀರು ಬೆರೆಸುವುದಕ್ಕೆ ಸಮ. ಮಗು ಅತ್ತರೆ ಗ್ರೈಪ್ ವಾಟರ್ ಹಾಕು ಎನ್ನುತ್ತಿದ್ದರು. ಅದು 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಆಗ ಅದರಲ್ಲಿ ಸಬ್ಬಸಿಗೆ ಎಣ್ಣೆಯ ಜೊತೆ ಮದ್ಯವೂ ಇತ್ತು ಎಂದು ನಾನು ಪಾಠ ಶುರು ಮಾಡಿದರೆ, “ಹಂಗಾದ್ರೆ ಸಬ್ಬಸಿಗೆ ಒಳ್ಳೇದೇ ಅಂತಾಯ್ತು” ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸೊಪ್ಪಿನ ಪಲ್ಯ ಬೀಳುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಹೊಗಳಲೇಬೇಕು. ಮೊದಲೆರಡು ದಿನ ಎದೆಯಿಂದ ಬಂದದ್ದು ಚಮಚಕ್ಕೂ ಸಾಲದಷ್ಟು ಹಳದಿ ಹಾಲು. ಪಕ್ಕದ ಹಾಸಿಗೆಯವರ ಕಡೆಯ ಹಿರಿಯರೊಬ್ಬರು ಅದನ್ನು ಹಿಂಡಿ ಚೆಲ್ಲು ಎಂದಿದ್ದರು. ಫೋನಿನಲ್ಲಿ ಇದನ್ನು ಕೇಳಿದ ಅತ್ತೆ ಹಳ್ಳಿಯಿಂದಲೇ ಕೂಗಿದ್ದರು: “ಕರೂಗೇ ಗಿಣ್ಣು ಕುಡಿಸದೆ ಬಿಡಲ್ಲ, ಮಗೀಗೆ ಬಿಡ್ತಾರೇನೇ?” ಹುಟ್ಟಿದ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದೂ ಹೆಚ್ಚೆಂದರೆ ಎರಡು ಚಮಚ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಧೈರ್ಯ ಕೊಟ್ಟಿರಲಿಲ್ಲ. ಆ ಕೂಗು ಕೊಟ್ಟಿತು.

ನಾಲ್ಕನೆಯ ದಿನ ಹಾಲು ಬಂತು, ಬಂದದ್ದು ಒಟ್ಟಿಗೇ. ಎದೆ ಕಟ್ಟಿಕೊಂಡು ಕಲ್ಲಾಯಿತು. ಬಿಗಿದ ಎದೆಯನ್ನು ಮಗುವಿಗೆ ಬಾಯಿತುಂಬ ಹಿಡಿಯಲಾಗದು. ತೊಟ್ಟನ್ನಷ್ಟೇ ಕಚ್ಚಿ ಎಳೆಯುತ್ತಿತ್ತು. ತೊಟ್ಟು ಒಡೆದು ರಕ್ತ ಬಂತು. 2,900 ಗ್ರಾಂ ಹುಟ್ಟಿದ ಮಗಳು ಆಸ್ಪತ್ರೆ ಬಿಡುವಾಗ 2,680 ಇದ್ದಳು. ಇಷ್ಟು ಇಳಿಯುವುದು ಮಾಮೂಲು, ಎರಡು ವಾರದೊಳಗೆ ಹತ್ತುತ್ತಾಳೆ ಎಂದು ಡಾಕ್ಟರು ಹೇಳಿದ್ದರೂ, ಆ 220 ಗ್ರಾಮನ್ನು ಅವಳ ಮೈಯಿಂದ ನಾನೇ ಕದ್ದೆನೇನೋ ಎಂಬಂತೆ ಕೂತಿದ್ದೆ.

ಆರನೆಯ ದಿನ ಬೆಳಿಗ್ಗೆ ಅತ್ತೆ ಪರೀಕ್ಷೆಗೆ ಇಳಿದರು. ಎದೆ ಹಗುರಾಗಲೆಂದು ನಾನು ಕೈಯಲ್ಲಿ ಹಿಂಡಿದ ನಾಲ್ಕು ಹನಿಯನ್ನು ಒಳಲೆಗೆ ಬಿಟ್ಟುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ವಾಲಿಸಿ, ಉಗುರಿನ ಮೇಲೊಂದು ಹನಿ ಇಟ್ಟು, ಅದು ಜಾರಿದ್ದನ್ನು ನೋಡಿ ತೀರ್ಪು ಕೊಟ್ಟರು: “ತೆಳ್ಳಗಿದೆ ಕಣೇ. ಫ್ಯಾಟ್ ಬರಲ್ಲ ಇದಕ್ಕೆ.”

ಡೇರಿಯಲ್ಲಿ ಹಾಲು ವಾಪಸು ಬಂದವರ ಮುಖ ಹೇಗಿರುತ್ತದೆಂದು ನನಗೆ ಅವತ್ತು ಗೊತ್ತಾಯಿತು. ಬಿಡಲಿಲ್ಲ. ಮೊದಲು ಬರುವ ಹಾಲು ತೆಳ್ಳಗೇ ಇರುತ್ತದೆ, ಕುಡಿಯುತ್ತ ಹೋದ ಹಾಗೆ ಕೊಬ್ಬು ಏರುತ್ತದೆ. ಒಟ್ಟು ಲೆಕ್ಕ ಹಾಕಿದರೆ ನಮ್ಮ ಹಾಲಿನ ಫ್ಯಾಟೂ ಹಸುವಿನದಕ್ಕೆ ಕಡಿಮೆಯಿಲ್ಲ, ಮೂರೂವರೆ ನಾಲ್ಕು ಬರುತ್ತದೆ. ಪ್ರೋಟೀನು ಮಾತ್ರ ಹಸುವಿನ ಹಾಲಿನ ಮೂರನೇ ಒಂದು ಪಾಲು, ಯಾಕೆಂದರೆ ಕರು ಎರಡು ತಿಂಗಳೊಳಗೆ ಎರಡರಷ್ಟು ತೂಗಬೇಕು, ನಮ್ಮ ಮಗುವಿಗೆ ಅಂಥ ಅವಸರವಿಲ್ಲ. ಹೀಗೆ ಎಂಟನೇ ತರಗತಿಯ ದನಿಯಲ್ಲಿ ಹೇಳಿದೆ. ಅತ್ತೆ ಪೂರ್ತಿ ಕೇಳಿದರು. “ಇಷ್ಟೆಲ್ಲ ಓದಿದೀಯ. ಮಗ ಯಾಕೆ ಅಳ್ತಿದೆ?” ಎಂದರು.

ಅಲ್ಲಿಗೆ ಸೋತೆ. ಆ ರಾತ್ರಿ ಗಂಡನಿಗೆ ಪಿಸುಗುಟ್ಟಿದೆ, ಒಂದು ಪುಡಿ ಡಬ್ಬ ತಂದಿಟ್ಟುಬಿಡಿ ಎಂದು. ಬೇಕಾದವರಿಗೆ ಆ ಡಬ್ಬ ಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ನನಗೆ ಬೇಕಾಗಿದ್ದು ಹಾಲಿಗಿಂತ ಹೆಚ್ಚಾಗಿ ಬಾಟಲಿಯ ಮೇಲಿನ ಗೆರೆಗಳು. ಎದೆಯ ಮೇಲೆ ಗೆರೆಯಿಲ್ಲವಲ್ಲ, ಅನುಮಾನ ಬಂದು ಕೂರುವುದೇ ಅಲ್ಲಿ. ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡಬಾರದೆಂದು ನಮ್ಮ ದೇಶದಲ್ಲಿ 1992ರಲ್ಲೇ ಕಾನೂನು ಬಂದಿದೆ. ಹಾಲತ್ತೆಯರ ಬಾಯಿಗೆ ಅನ್ವಯವಾಗುವ ಕಲಂ ಮಾತ್ರ ಅದರಲ್ಲಿ ಸೇರಿಲ್ಲ.

ಮರುದಿನ ಬೀದಿಯ ಆರು ಜನ ಹೆಂಗಸರು ಮಗು ನೋಡಲು ಬಂದರು. ಮಗಳು ಅದೇ ಹೊತ್ತಿಗೆ ಕಿರುಚಿಕೊಂಡಳು. ‘ಮಗೂನ ಎದೆ ಹತ್ರ ತನ್ನಿ, ಎದೇನ ಮಗು ಹತ್ರ ತಗೊಂಡು ಹೋಗ್ಬೇಡಿ’ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟಿದ್ದು ನೆನಪಿತ್ತು. ಆದರೆ ಆರು ಜನರ ಹನ್ನೆರಡು ಕಣ್ಣು. ಒಬ್ಬರು ತಲೆ ಎತ್ತಿ ಹಿಡಿ ಎಂದರು, ಒಬ್ಬರು ಕೆಳಗೆ ಮಾಡು ಎಂದರು, ಒಬ್ಬರು “ನಂಗೆ ಸೀರೆ ಒದ್ದೆಯಾಗಿಹೋಗ್ತಿತ್ತಪ್ಪ” ಎಂದು ನಕ್ಕರು. ಬಾಗಿಲಲ್ಲಿ ನಿಂತ ಅತ್ತೆ ಎಲ್ಲರಿಗೂ ಕೇಳುವಂತೆ ಅಂದರು: “ಹಾಲೇ ಸಾಲ್ತಾ ಇಲ್ಲ ಕಣ್ರೇ.”

ಅಳು ಗಂಟಲಿಗೆ ಬಂದಿತ್ತು. ಬಾಯಿಂದ ಬಂದದ್ದು ಬೇರೆ ಮಾತು. “ಅತ್ತೆ, ಕೊಟ್ಟಿಗೆಗೆ ಹೊಸಬರು ಆರು ಜನ ನುಗ್ಗಿದ್ರೆ ನಿಮ್ಮ ಹಸು ಸೊರ ಬಿಡುತ್ತಾ?”

ಅತ್ತೆ ನನ್ನನ್ನೇ ನೋಡಿದರು. ಮೂವತ್ತು ವರ್ಷದಲ್ಲಿ ಕರುವನ್ನು ಮೂತಿಯಿಡಿಸದೆ, ಬೆನ್ನು ಸವರದೆ, ‘ಬಾರವ್ವ’ ಅನ್ನದೆ ಒಂದು ದಿನವೂ ಕೆಚ್ಚಲಿಗೆ ಕೈ ಹಾಕಿದವರಲ್ಲ. ಬೆದರಿದ ಹಸು ಹಾಲು ಏರಿಸಿಕೊಂಡುಬಿಡುತ್ತದೆ. ನಾನು ತರಗತಿಯಲ್ಲಿ ಆಕ್ಸಿಟೋಸಿನ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಅದನ್ನೇ. ಹೆದರಿಕೆಗೆ, ನೋವಿಗೆ, ಅವಮಾನಕ್ಕೆ ಅದು ಹಿಂದೆ ಸರಿಯುತ್ತದೆ. ಅತ್ತೆಗೆ ಆ ಹೆಸರು ಬೇಕಾಗಿರಲಿಲ್ಲ.

“ಏಳ್ರವ್ವ, ಕಾಫಿ ಆಗಿದೆ, ಹೊರಗೆ ಬನ್ನಿ” ಎಂದರು. ಆರು ಜನರೂ ಎದ್ದರು. ಅತ್ತೆ ಬಾಗಿಲು ಎಳೆದುಕೊಂಡು ಹೊಸ್ತಿಲಾಚೆ ಕೂತರು. ನನ್ನ ಗಂಡ ಬಿಸಿನೀರಿನ ಲೋಟ ಹಿಡಿದು ಬಂದಾಗ ಅವರನ್ನೂ ಹಿಂದಕ್ಕೆ ಕಳಿಸಿದರು. ನೀರನ್ನು ಮಾತ್ರ, ಸ್ವಲ್ಪ ಯೋಚಿಸಿ, ಒಳಗೆ ಸರಿಸಿದರು.

ಕೋಣೆ ಕತ್ತಲಾಗಿತ್ತು. ಸ್ವಲ್ಪ ಹಿಂಡಿ ಎದೆ ಮೆತ್ತಗೆ ಮಾಡಿಕೊಂಡೆ. ಮಗಳು ಆಕಳಿಸಿದಳು. ಆ ಆಕಳಿಕೆಯ ಬಾಯಿಗೇ, ಅವಳನ್ನು ಎದೆ ಹತ್ತಿರ ತಂದೆ. ಗಲ್ಲ ಒತ್ತಿತು. ಎದೆಯೊಳಗೆ ಸಣ್ಣ ಇರುವೆ ಸಾಲು ಹರಿದ ಹಾಗಾಯಿತು. ಆಮೇಲೆ ಗುಟುಕು, ಗುಟುಕು. ಆ ಸದ್ದು ಬಾಗಿಲಾಚೆಗೂ ಕೇಳಿರಬೇಕು, ಅತ್ತೆ ಕೆಮ್ಮಲೂ ಇಲ್ಲ.

ಅಂದಿನಿಂದ ಅವರು ಬಾಗಿಲು ಕಾದರು. ಹಾಗೆಂದು ಬದಲಾದರು ಎಂದುಕೊಳ್ಳಬೇಡಿ. ದಿನಕ್ಕೆ ಹತ್ತು ಹನ್ನೆರಡು ಸಲ ಹಾಲು ಕುಡಿದು ಮಗು ಈಚೆ ಬಂದ ತಕ್ಷಣ “ಸಾಲ್ತಾ?” ಎನ್ನುವುದು ತಪ್ಪಲಿಲ್ಲ.

ಒಂದು ಮಧ್ಯಾಹ್ನ ನಾನೇ ಕೇಳಿದೆ, “ನಿಮ್ಮ ಬಾಣಂತನದಲ್ಲಿ ಬಾಗಿಲು ಯಾರು ಕಾದ್ರು ಅತ್ತೆ?”

“ನಮಗೆಲ್ಲಿ ಬಾಗಿಲು?” ಎಂದು ನಕ್ಕರು. “ಹನ್ನೊಂದನೇ ದಿನಕ್ಕೆ ಕೊಟ್ಟಿಗೆಗೆ ಹೋಗಿ ನಾನೇ ಹಾಲು ಕರೆದೆ.” ಎದ್ದು ಬಟ್ಟೆ ಒಗೆಯಲು ಹೋದರು.

ಹನ್ನೆರಡನೆಯ ದಿನ ಆಸ್ಪತ್ರೆಗೆ ಹೋದೆವು. ತಕ್ಕಡಿ 2,940 ತೋರಿಸಿತು. ಡಾಕ್ಟರು ಕೇಳಿದರು, “ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ?” ನನ್ನ ಗಂಡ ಫೋನು ತೆಗೆದರು. ಅದರಲ್ಲೊಂದು ಆ್ಯಪ್ ಇತ್ತು; ಎಡ 14 ನಿಮಿಷ, ಬಲ 9 ನಿಮಿಷ ಎಂದು ಎಲ್ಲ ಇತ್ತು, ಇದೊಂದು ಇರಲಿಲ್ಲ. ಹಿಂದಿನಿಂದ ಅತ್ತೆಯ ದನಿ ಬಂತು. “ನಿನ್ನೆ ಒಂಬತ್ತು. ಮೊನ್ನೆ ಎಂಟು. ಕಕ್ಕ ನಾಲ್ಕು, ಹಳದಿಗೆ.”

ಡಾಕ್ಟರು ಪೆನ್ನು ನಿಲ್ಲಿಸಿ ಅವರನ್ನು ನೋಡಿದರು. “ಆರು ಆದ್ರೂ ಸಾಕಿತ್ತಮ್ಮ. ಹಾಲು ಚೆನ್ನಾಗಿ ಸಾಲ್ತಾ ಇದೆ.”

ಒಳಗೆ ಹೋದ ಹಾಲನ್ನು ಅಳೆಯಲಾಗದು, ಹೊರಗೆ ಬಂದದ್ದನ್ನು ಎಣಿಸಬಹುದು, ಇಷ್ಟೇ ಸತ್ಯ. ನಾನು ನನ್ನ ಎದೆಯನ್ನೂ ಗಂಡ ಗಡಿಯಾರವನ್ನೂ ನೋಡುತ್ತಿದ್ದಾಗ, ನನ್ನ ಹಾಲಿನ ಮೇಲೆ ಕಾಸಿನಷ್ಟೂ ನಂಬಿಕೆಯಿಲ್ಲದ ಒಬ್ಬರು ಹಿತ್ತಲಲ್ಲಿ ಒಂದೊಂದೇ ಬಟ್ಟೆ ಒಗೆದು ತಂತಿಗೆ ಹಾಕುತ್ತ ಲೆಕ್ಕ ಇಟ್ಟಿದ್ದರು.

ಊರಿಗೆ ಹೊರಡುವ ದಿನ ಅತ್ತೆ ಡೇರಿ ಪಾಸ್‌ಬುಕ್ಕನ್ನು ಗೂಡಿನಲ್ಲಿ ಮರೆತಿದ್ದರು. ಕೊಡಲು ಎತ್ತಿಕೊಂಡಾಗ ಕೊನೆಯ ಪುಟ ತೆರೆದುಕೊಂಡಿತು. ಪೆನ್ಸಿಲಿನಲ್ಲಿ, ತಾರೀಖು ಹಾಕಿ, ಬೆಳಿಗ್ಗೆ 5, ಸಂಜೆ 4. ಬೆಳಿಗ್ಗೆ 4, ಸಂಜೆ 4. ಪುಟದುದ್ದಕ್ಕೂ ನನ್ನ ಮಗಳು. ಫ್ಯಾಟಿನ ಕಲಂ ಮಾತ್ರ ಖಾಲಿ ಬಿಟ್ಟಿದ್ದರು. ಆ ಅನುಮಾನ ಇನ್ನೂ ಹೋಗಿರಲಿಲ್ಲ.