ತೊಗರಿಬೇಳೆಯ ಬೆಂಚ್‌ಮಾರ್ಕ್

ನಮ್ಮೆಜಮಾನರು ಸೋಫಾ ಮೇಲೆ ಕೂತು ಎರಡೂ ಕೈಯಲ್ಲಿ ತೊಗರಿಬೇಳೆ ಹಿಡಿದುಕೊಂಡಿದ್ದಾರೆ. ಜಿಪ್‌ಲಾಕ್ ಚೀಲ, ಒಳಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ 715 ಗ್ರಾಂ ಬೇಳೆ. ಕಣ್ಣು ಚೀಲದಲ್ಲಿ ನೆಟ್ಟಿದೆ, ಹೆಬ್ಬೆರಳುಗಳು ಆಡುತ್ತಿವೆ. ಇಪ್ಪತ್ತು ನಿಮಿಷವಾಯಿತು. ಯಾರಾದರೂ ನೋಡಿದರೆ ಏನೋ ವ್ರತ ಹಿಡಿದಿದ್ದಾರೆ ಅಂದುಕೊಳ್ಳಬೇಕು.

ವ್ರತವೇ. ಕೈಯಲ್ಲಿ ಹಿಡಿದು ಆಡುವ ಕಂಪ್ಯೂಟರ್ ಕೊಳ್ಳುವ ಸಂಕಲ್ಪ ಆದದ್ದು 2022ರ ಫೆಬ್ರವರಿಯಲ್ಲಿ, 399 ಡಾಲರಿಗೆ ಸ್ಟೀಮ್ ಡೆಕ್ ಬಂದಾಗ. "ತಡಿ, ಪೈಪೋಟಿಗೆ ಬೇರೆಯವು ಬರ್ತವೆ" ಅಂದರು. ಬಂದವು. 2023ರಲ್ಲಿ ಆಸುಸ್‌ನ ಆರ್‌ಒಜಿ ಅಲೈ ಬಂತು, ಲೆನೊವೊದ ಲಿಜಿಯನ್ ಗೋ ಬಂತು, ಡೆಕ್ಕಿಗೇ ಒಎಲ್‌ಇಡಿ ಪರದೆ ಬಂತು. ಬಂದಿದ್ದಕ್ಕೆಲ್ಲ ಎಕ್ಸೆಲ್ ಹಾಳೆಯಲ್ಲಿ ಒಂದೊಂದು ಕಾಲಂ. 2025ರ ಅಕ್ಟೋಬರ್ 16ಕ್ಕೆ ಎಕ್ಸ್‌ಬಾಕ್ಸ್ ಹೆಸರು ಹೊತ್ತ ಅಲೈ ಎಕ್ಸ್ ಬಂತು: 999 ಡಾಲರ್ 99 ಸೆಂಟ್. "ಸಾವಿರದ ಒಳಗೇ ಇದೆ ಕಣೆ." ನಮ್ಮ ಸ್ಯಾನ್ ಹೋಸೆಯ ತೆರಿಗೆ ಸೇರಿಸಿದರೆ ಆಗಲೇ 1,093 ದಾಟುತ್ತಿತ್ತು.

ಪೈಪೋಟಿಯೋ! ಡೆಕ್ಕಿನೊಳಗೆ ಎಎಂಡಿ ಚಿಪ್ಪು, ಅಲೈಯೊಳಗೂ ಅದೇ, ಲಿಜಿಯನ್‌ನೊಳಗೂ ಅದೇ. ಎಂಎಸ್‌ಐನ ಕ್ಲಾ ಒಂದು 2024ರಲ್ಲಿ ಇಂಟೆಲ್ ಹಾಕಿಕೊಂಡು ಬಂದು ಪಂಕ್ತಿ ಬಿಟ್ಟು ಕೂತಿತು. ಎರಡೂ ಚಿಪ್ಪಿನ ಕಂಪನಿಗಳ ಮುಖ್ಯ ಕಚೇರಿ ನಮ್ಮ ಪಕ್ಕದ ಸಾಂಟಾ ಕ್ಲಾರಾದಲ್ಲೇ. ಹಿಟ್ಟು ಒಂದೇ, ಒಬ್ಬ ಸೆಟ್ ದೋಸೆ ಹೊಯ್ದ, ಇನ್ನೊಬ್ಬ ಪೇಪರ್ ದೋಸೆ. ಯಾವುದು ಹೆಚ್ಚು ಗರಿ ಅಂತ ನಮ್ಮ ಮನೆಯಲ್ಲಿ ಮೂರು ವರ್ಷದ ಮೇಲಾಯಿತು, ವಿಚಾರಣೆ ಮುಗಿದಿಲ್ಲ.

ಬ್ಯಾಟರಿಯ ಸಾಲು ಮಾತ್ರ ನನಗೂ ಚೆನ್ನಾಗಿ ಅರ್ಥವಾಗುತ್ತದೆ, ನಮ್ಮ ಸಂಸಾರದ್ದೇ ಲೆಕ್ಕ ಅದು. ಮೊದಲ ಅಲೈಗೆ 40 ವ್ಯಾಟ್-ಅವರ್, ಹೊಸದಕ್ಕೆ 80. ಆದರೆ ಭಾರಿ ಆಟಕ್ಕೆ ಚಿಪ್ಪು, ಪರದೆ, ಫ್ಯಾನು ಎಲ್ಲ ಸೇರಿ 40 ವ್ಯಾಟ್ ಎಳೆದರೆ ಎರಡೇ ಗಂಟೆ. ಸಂಬಳ ಏರಿತು ಅಂತ ಮಿಲ್ಪಿಟಸ್‌ನ ಬಾಡಿಗೆ ಮನೆ ಬಿಟ್ಟು ಬೆರ್ರಿಯೆಸಾದಲ್ಲಿ ಸ್ವಂತದ್ದು ಕೊಂಡೆವು. ತಿಂಗಳ ಕೊನೆಗೆ ಆಗ ಉಳಿಯುತ್ತಿದ್ದದ್ದೂ ಅಷ್ಟೇ, ಈಗ ಉಳಿಯುವುದೂ ಅಷ್ಟೇ. ಎರಡು ಗಂಟೆ ಮುಗಿದ ಮೇಲೆ ಚಾರ್ಜರ್ ಚುಚ್ಚಿ ಗೋಡೆ ಪಕ್ಕ ಕೂರಬೇಕು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ.

"ಎಲ್ಲಿ ಆಡ್ತೀರಿ ರೀ ಇದನ್ನ?"

"ಬಾರ್ಟ್ ರೈಲಲ್ಲಿ. ಸ್ಟೇಷನ್ ಇಲ್ಲೇ ಇದೆಯಲ್ಲ."

ಇದೆ, 2020ರ ಜೂನ್‌ನಿಂದ ಇದೆ. ಆದರೆ ಹಳಿಗೆ ಬೆರ್ರಿಯೆಸಾವೇ ಕೊನೆ, ರೈಲು ಹೊರಡುವುದು ಉತ್ತರಕ್ಕೆ. ಇವರ ಆಫೀಸು ಸಾಂಟಾ ಕ್ಲಾರಾದಲ್ಲಿ. ಅಲ್ಲಿಗೆ ಬಾರ್ಟ್ ಇನ್ನೂ ಹೋಗಿಲ್ಲ. ದಿನಾ ಸ್ಟೀರಿಂಗ್ ಹಿಡಿದು ಹೋಗುವ ಮನುಷ್ಯನಿಗೆ ಇದನ್ನು ಹಿಡಿಯಲು ಇನ್ನೊಂದು ಜೊತೆ ಕೈ ಬೇಕು. ಎಕ್ಸೆಲ್‌ನಲ್ಲಿ ಆ ಕಾಲಂ ಇಲ್ಲ.

ಚೀಲಗಳು ಒಟ್ಟು ಮೂರಿದ್ದವು, ಒಂದೊಂದು ಯಂತ್ರದ ತೂಕಕ್ಕೆ ಒಂದೊಂದು, ಮಾರ್ಕರಿನಲ್ಲಿ ಹೆಸರು ಬರೆದಿಟ್ಟಿದ್ದರು: ಡೆಕ್ ಒಎಲ್‌ಇಡಿ 640, ಅಲೈ ಎಕ್ಸ್ 715, ಲಿಜಿಯನ್ 854. ಕಳೆದ ಶನಿವಾರ ಊಟಕ್ಕೆ ಹನ್ನೆರಡು ಜನ. ಡಬ್ಬದಲ್ಲಿ ಬೇಳೆ ತಳ ಕಂಡಿತ್ತು. ಎಲ್ಲರೂ ಹೋದ ಮೇಲೆ ಇವರು ಸೋಫಾ ದಿಂಬು ಎತ್ತಿ ಎತ್ತಿ ಹುಡುಕುತ್ತಿದ್ದರು.

"ಲೇ, ನನ್ನ ಲಿಜಿಯನ್ ಗೋ ಎಲ್ಲೇ?"

"ಎರಡು ಸಲ ಬಡಿಸಿಕೊಂಡ್ರಲ್ಲ ರೀ, ಹುಳಿ."